ಖಾಲಿ ಮನೆಗೆ ಇಷ್ಟೊಂದು ವಿದ್ಯುತ್ ಬಿಲ್ ಏಕೆ?

ಪ್ರಶ್ನೆ: ಬಾಡಿಗೆದಾರರು ಖಾಲಿ ಮಾಡಿದ ಮನೆಯ ನವೀಕರಣಕ್ಕೆ ಕೈ ಹಾಕಿದ್ದೇನೆ. ಹೊಸ ಗಾರೆ, ಸ್ನಾನದ ಮನೆಗೆ ಟೈಲ್ಸ್, ಬಣ್ಣ ಎಲ್ಲ ಮುಗಿಯಲು ಇನ್ನೂ ಮೂರು ತಿಂಗಳು ಬೇಕು. ಯಾರೂ ವಾಸವಿಲ್ಲದಿದ್ದರೂ ವಿದ್ಯುತ್ ಬಿಲ್ ಬಾಡಿಗೆದಾರರಿದ್ದಾಗಿನದಕ್ಕಿಂತ ಹೆಚ್ಚಾಗಿದೆ. ಸಂಪರ್ಕವನ್ನೇ ಕಡಿತ ಮಾಡಿಸಿಬಿಡಲೇ?

ಉತ್ತರ: ಬೇಡ. ಕೆಲಸಗಾರರಿಗೆ ವಿದ್ಯುತ್ ಬೇಕೇ ಬೇಕು. ಕಡಿತ ಮಾಡಿಸಿದರೆ ಮರುಸಂಪರ್ಕದ ಶುಲ್ಕ, ತಪಾಸಣೆ, ಓಡಾಟ ಎಲ್ಲವೂ ನಿಮ್ಮ ತಲೆಯ ಮೇಲೆಯೇ ಬೀಳುತ್ತವೆ. ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ: ಬಳಸಿದರೂ ಬಳಸದಿದ್ದರೂ ಕಟ್ಟಬೇಕಾದ ನಿಗದಿತ ಶುಲ್ಕ, ಮತ್ತು ಬಳಸಿದ ಯೂನಿಟ್‌ಗಳ ದರ. ಮೊದಲನೆಯದನ್ನು ಸದ್ಯಕ್ಕೆ ಮರೆತುಬಿಡಿ. ಬೀಗ ಹಾಕಿದ ಮನೆಗೆ ಅಂದಾಜಿನ ಬಿಲ್ ಬರುವುದೂ ಉಂಟು. ಆದ್ದರಿಂದ ಬಿಲ್ಲಿನಲ್ಲಿರುವ ರೀಡಿಂಗ್ ನಿಮ್ಮ ಮೀಟರಿಗೆ ತಾಳೆಯಾಗುತ್ತದೆಯೇ ಎಂದು ಮೊದಲು ನೋಡಿ.

ತಾಳೆಯಾದರೆ ಒಂದು ಪರೀಕ್ಷೆ ಮಾಡಿ. ಸಂಜೆ ಕೆಲಸಗಾರರು ಹೋದ ಮೇಲೆ ಮೇನ್ ಸ್ವಿಚ್ ಮತ್ತು ಎಂಸಿಬಿಗಳನ್ನು (ಮನೆಯ ಒಂದೊಂದು ಸಾಲಿನ ವಿದ್ಯುತ್ತನ್ನು ಕಡಿಯುವ ಪುಟ್ಟ ಸ್ವಿಚ್‌ಗಳು) ಹಾಗೆಯೇ ಬಿಟ್ಟು ಕಣ್ಣಿಗೆ ಬೀಳುವ ಎಲ್ಲ ದೀಪ, ಫ್ಯಾನುಗಳನ್ನೂ ಆರಿಸಿ, ಮೀಟರಿನ ಮುಂದೆ ನಿಂತುಕೊಳ್ಳಿ. ಡಿಜಿಟಲ್ ಮೀಟರಿನಲ್ಲಿ ಪುಟ್ಟ ದೀಪವೊಂದು ಮಿನುಗುತ್ತದೆ; ಒಂದು ಯೂನಿಟ್‌ಗೆ ಅದು ಎಷ್ಟು ಬಾರಿ ಮಿನುಗುತ್ತದೆ ಎಂಬುದನ್ನು ಮೀಟರಿನ ಮೇಲೆಯೇ ಬರೆದಿರುತ್ತಾರೆ. ಅದು 3200 ಎಂದಿಟ್ಟುಕೊಳ್ಳೋಣ. ಹತ್ತು ಸೆಕೆಂಡಿಗೊಮ್ಮೆ ಮಿನುಗಿದರೆ ಗಂಟೆಗೆ 360 ಬಾರಿ, ಅಂದರೆ ಸುಮಾರು 110 ವಾಟ್ ಹರಿಯುತ್ತಿದೆ. ದಿನಕ್ಕೆ 2.7 ಯೂನಿಟ್, ತಿಂಗಳಿಗೆ 80 ಯೂನಿಟ್, ಅದೂ ಯಾರೂ ಇಲ್ಲದ ಮನೆಯಲ್ಲಿ! ಈಗ ಒಂದೊಂದೇ ಎಂಸಿಬಿ ಇಳಿಸುತ್ತಾ ಬನ್ನಿ. ಯಾವುದನ್ನು ಇಳಿಸಿದಾಗ ಮಿನುಗು ನಿಲ್ಲುತ್ತದೋ ಕಳ್ಳ ಅಲ್ಲಿದ್ದಾನೆ. ಅನೇಕ ಮನೆಗಳಲ್ಲಿ ಅದು ಬಾಡಿಗೆದಾರರು ಆರಿಸದೆ ಹೋದ ಗೀಸರ್. ಯಾರೂ ಮುಟ್ಟದ ನೀರನ್ನು ಅದು ಹಗಲೂ ರಾತ್ರಿ ಬಿಸಿಯಾಗಿಡುತ್ತಿರುತ್ತದೆ. ಆ ಸಾಲಿನಲ್ಲಿ ಯಾವ ಉಪಕರಣವೂ ಇಲ್ಲದಿದ್ದರೆ ಒದ್ದೆ ಗೋಡೆಯೊಳಗಿನ ಹಳೆಯ ತಂತಿಯಿಂದ ವಿದ್ಯುತ್ ಸೋರುತ್ತಿರಬಹುದು. ಆಗ ಬಿಲ್ಲಿನ ಮಾತು ಆಮೇಲೆ. ಆ ಎಂಸಿಬಿಯನ್ನು ಮೇಲೆತ್ತದೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಅಲ್ಲಿಯವರೆಗೆ ಆ ಗೋಡೆಯ ಕೆಲಸ ನಿಲ್ಲಿಸಿ.

ಹಗಲಿನ ಖರ್ಚಿನಲ್ಲಿ ನನ್ನ ಅನುಮಾನ ಕೆಲಸದ ದೀಪಗಳ ಮೇಲೆ. ಟೈಲ್ಸ್ ಕತ್ತರಿಸುವ ಯಂತ್ರ ಸದ್ದು ಮಾಡುವುದರಿಂದ ಎಲ್ಲರೂ ಅದನ್ನೇ ದೂರುತ್ತಾರೆ, ಆದರೆ ಅದು ಓಡುವುದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. 500 ವಾಟ್‌ನ ಹ್ಯಾಲೊಜನ್ ದೀಪ ಹತ್ತು ಗಂಟೆ ಉರಿದರೆ 5 ಯೂನಿಟ್ ಹೋಯಿತು. ಹೆಚ್ಚುಕಡಿಮೆ ಅಷ್ಟೇ ಬೆಳಕನ್ನು 100 ವಾಟ್‌ಗಿಂತ ಕಡಿಮೆಯ ಎಲ್‌ಇಡಿ ದೀಪ ಕೊಡುತ್ತದೆ. ನೀವೇ ಎರಡು ತಂದುಕೊಡಿ. ಖಾಲಿ ಫ್ರಿಜ್ ಇದ್ದರೆ ಆರಿಸಿ, ಬೂಷ್ಟು ಹಿಡಿಯದಂತೆ ಒರೆಸಿ, ಬಾಗಿಲು ಓರೆ ಮಾಡಿಡಿ.

ಗಾರೆ ಬೇಗ ಒಣಗಲೆಂದು ಹೀಟರ್ ಹಚ್ಚುವವರಿದ್ದಾರೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಒಂದು ಕೋಣೆಯ ಹಸಿ ಗಾರೆಯಲ್ಲಿ ಹತ್ತಾರು ಲೀಟರ್ ನೀರಿರುತ್ತದೆ, ಒಂದು ಲೀಟರ್ ಆವಿಯಾಗಲು ಸುಮಾರು 0.7 ಯೂನಿಟ್ ಶಕ್ತಿ ಬೇಕು. ಅದಕ್ಕಿಂತ ಮುಖ್ಯವಾಗಿ, ಸಿಮೆಂಟ್ ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಂದಿಗೆ ಬೆರೆತು ನಡೆಯುವ ರಾಸಾಯನಿಕ ಕ್ರಿಯೆಯಿಂದ. ಆತುರದಿಂದ ಒಣಗಿಸಿದ ಗಾರೆ ಬಿರುಕು ಬಿಡುತ್ತದೆ. ನೀರುಣಿಸುವ ದಿನಗಳು ಮುಗಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆದಿಡಿ. ಗಾಳಿಗೆ ಬಿಲ್ ಬರುವುದಿಲ್ಲ. ಮಳೆಗಾಲದ ತೇವವಿದ್ದು ತೇವಾಂಶ ಹೀರುವ ಯಂತ್ರ ಇಡಲೇಬೇಕಾದರೆ ಆಗ ಮಾತ್ರ ಕಿಟಕಿ ಮುಚ್ಚಿ, ಇಲ್ಲವಾದರೆ ಅದು ಹೊರಗಿನ ತೇವವನ್ನೇ ಹೀರುತ್ತಾ ಕೂರುತ್ತದೆ.

ಗುತ್ತಿಗೆದಾರನೊಂದಿಗಿನ ಒಪ್ಪಂದದಲ್ಲಿ ವಿದ್ಯುತ್ ಯಾರ ಲೆಕ್ಕ ಎಂದು ಬರೆದಿದ್ದೀರಾ? ಇಲ್ಲವಾದರೆ ಇಂದಿನ ರೀಡಿಂಗ್‌ನ ಫೋಟೊ ತೆಗೆದು ಅವನಿಗೂ ಕಳುಹಿಸಿ, ಉಳಿದ ಕೆಲಸಕ್ಕೆ ಇಷ್ಟು ಯೂನಿಟ್ ಎಂದು ಮಾತಾಡಿಕೊಳ್ಳಿ, ವಾರಕ್ಕೊಮ್ಮೆ ಮೀಟರ್ ನೋಡಿ. ನೋಡುವವರಿದ್ದಾರೆ ಎಂದು ಗೊತ್ತಾದರೆ ಮಧ್ಯಾಹ್ನದ ಊಟದ ಹೊತ್ತಿಗೆ ದೀಪಗಳು ತಾವಾಗಿ ಆರುತ್ತವೆ.

ಉಳಿಸಿದ ಹಣದಲ್ಲಿ ಸ್ನಾನದ ಮನೆಯ ಬಿಸಿನೀರಿನ ಕೊಳವೆಗಳಿಗೆ ಶಾಖನಿರೋಧಕ ಹೊದಿಕೆ ಹಾಕಿಸಿ. ಟೈಲ್ಸ್ ಕೂತ ಮೇಲೆ ಅದನ್ನು ಹಾಕಲು ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ.