ಜೇಮ್ಸ್ ಕುಕ್ ಹಡಗಿನಿಂದಲೇ ನ್ಯೂಜಿಲೆಂಡ್ ಕರಾವಳಿಯ ನಕ್ಷೆ ಬರೆದದ್ದು ಹೇಗೆ?

ಸಾಗುತ್ತಿರುವ ಹಡಗನ್ನೇ ಅಳತೆಗೋಲಾಗಿಸಿಕೊಂಡು ಬರೆದರು. ಒಂದು ಭೂಶಿರ ಯಾವ ದಿಕ್ಕಿನಲ್ಲಿದೆಯೆಂದು ದಿಕ್ಸೂಚಿಯಿಂದ ಗುರುತಿಸಿ, ಹಡಗು ಕೆಲವು ಮೈಲಿ ಮುಂದೆ ಹೋದ ಬಳಿಕ ಅದೇ ಭೂಶಿರದ ದಿಕ್ಕನ್ನು ಮತ್ತೆ ನೋಡಿ, ಕಾಗದದ ಮೇಲೆ ಆ ಎರಡು ಗೆರೆಗಳನ್ನು ಎಳೆದರೆ ಅವು ಸಂಧಿಸುವ ಬಿಂದುವೇ ಭೂಶಿರದ ಸ್ಥಾನ. ನಡುವಿನ ದೂರವನ್ನು ಹಡಗಿನ ವೇಗದಿಂದಲೂ, ವೇಗವನ್ನು ನೀರಿಗೆ ಬಿಟ್ಟ ಗಂಟುಗಳ ಹಗ್ಗದಿಂದಲೂ ಲೆಕ್ಕ ಹಾಕುತ್ತಿದ್ದರು. ಹಡಗಿನ ಅಕ್ಷಾಂಶವನ್ನು ಮಧ್ಯಾಹ್ನದ ಸೂರ್ಯನ ಎತ್ತರ ನೋಡಿ, ರೇಖಾಂಶವನ್ನು (ಇದೇ ನಿಜವಾಗಿ ಕಷ್ಟದ ಕೆಲಸ) ಚಂದ್ರನಿಗೂ ಸೂರ್ಯ ಅಥವಾ ನಕ್ಷತ್ರಕ್ಕೂ ನಡುವಿನ ಕೋನವನ್ನು ಅಳೆದು ಸರಿಪಡಿಸಿಕೊಳ್ಳುತ್ತಿದ್ದರು. ಹೀಗೆ 1769ರ ಅಕ್ಟೋಬರಿನಿಂದ 1770ರ ಮಾರ್ಚ್‌ವರೆಗೆ ‘ಎಂಡೆವರ್’ ಹಡಗು ಎರಡೂ ಮುಖ್ಯ ದ್ವೀಪಗಳನ್ನು ಸುತ್ತಿತು. ತಪ್ಪುಗಳು ಕೆಲವೇ: ಬ್ಯಾಂಕ್ಸ್ ಪರ್ಯಾಯದ್ವೀಪ ನಕ್ಷೆಯಲ್ಲಿ ದ್ವೀಪವಾಯಿತು, ಸ್ಟುವರ್ಟ್ ದ್ವೀಪ ನೆಲಕ್ಕೆ ಅಂಟಿಕೊಂಡಿತು.