ಟ್ಯಾಕಲ್ ಮಾಡಿಸದೆ 489 ಮ್ಯಾಚ್ ಗೆದ್ದ ಕೋಚ್

ಪ್ರಶ್ನೆ: ನನ್ನ ಮಗ ಡಿಗ್ರಿ ಎರಡನೇ ವರ್ಷ, ಕಾಲೇಜ್ ಫುಟ್ಬಾಲ್ ಟೀಮಿನಲ್ಲಿದ್ದಾನೆ. ಅವರ ಕೋಚ್ ತುಂಬಾ ಸ್ಟ್ರಿಕ್ಟ್. ಪಾಸ್ ತಪ್ಪಿದರೆ ಗ್ರೌಂಡ್ ಸುತ್ತ ಓಡಿಸುತ್ತಾರೆ, ಪ್ರಾಕ್ಟೀಸ್ ಮುಗಿಯೋ ತನಕ ನೀರು ಕುಡಿಯೋ ಹಾಗಿಲ್ಲ. ಕಾಲು ಉಳುಕಿದ್ದರೂ ಆಡು ಅಂದರಂತೆ. ಹೀಗಿದ್ರೇನೇ ಟೀಮ್ ಗೆಲ್ಲೋದು ಅನ್ನೋದು ಅವರ ಮಾತು. ಅಮೆರಿಕದ ಒಬ್ಬ ಕಾಲೇಜ್ ಕೋಚ್ ಇದ್ಯಾವುದೂ ಇಲ್ಲದೇನೇ ಎಲ್ಲರಿಗಿಂತ ಜಾಸ್ತಿ ಮ್ಯಾಚ್ ಗೆದ್ದಿದ್ದಾರೆ ಅಂತಾನೆ ಮಗ. ನಿಜವಾ ಸರ್?
– ಒಬ್ಬ ತಾಯಿ, ಆಸ್ಟಿನ್ ಟೌನ್, ಬೆಂಗಳೂರು

ಉತ್ತರ: ನಿಜ ಅಮ್ಮಾ. ಅವರ ಹೆಸರು ಜಾನ್ ಗಲಾರ್ಡಿ. ಮಿನ್ನೆಸೋಟ ರಾಜ್ಯದ ಸೇಂಟ್ ಜಾನ್ಸ್ ಅನ್ನೋ ಕಾಲೇಜಿನಲ್ಲಿ 1953ರಿಂದ 2012ರವರೆಗೆ ಕೋಚ್ ಆಗಿದ್ದರು. ಅದಕ್ಕೂ ಮೊದಲು ಮೊಂಟಾನದ ಕ್ಯಾರಲ್ ಕಾಲೇಜಿನಲ್ಲಿ ನಾಲ್ಕು ವರ್ಷ. ಒಟ್ಟು 489 ಗೆಲುವು, ನಾಲ್ಕು ರಾಷ್ಟ್ರೀಯ ಚಾಂಪಿಯನ್‌ಶಿಪ್.

ಅಲ್ಲಿನ ಫುಟ್ಬಾಲ್ ನಿಮ್ಮ ಮಗ ಆಡೋ ಫುಟ್ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಚೆಂಡು ಕೈಯಲ್ಲಿ ಹಿಡಿದು ಓಡೋ ಆಟ. ಹಾಗೆ ಓಡುವವನ ಮೈಮೇಲೆ ಬಿದ್ದು ಕೆಡವೋದೇ ಟ್ಯಾಕಲ್. ಅಂಥ ಆಟದಲ್ಲೂ ಇವರು ಪ್ರಾಕ್ಟೀಸಿನಲ್ಲಿ ಟ್ಯಾಕಲ್ ಮಾಡಿಸುತ್ತಿರಲಿಲ್ಲ, ಯಾಕೆಂದರೆ ಪ್ರಾಕ್ಟೀಸಿನಲ್ಲೇ ಏಟು ತಿಂದವನು ಶನಿವಾರದ ಮ್ಯಾಚಿಗೆ ಸಿಗೋದಿಲ್ಲ. ವಿಸಿಲ್ ಇಲ್ಲ. ಪ್ರಾಕ್ಟೀಸ್ ಒಂದೂವರೆ ಗಂಟೆ ದಾಟುತ್ತಿರಲಿಲ್ಲ. ಟೀಮಿಗೆ ಸೇರಬೇಕು ಅಂತ ಬಂದ ಹುಡುಗನನ್ನು ಹೊರಗೆ ಕಳಿಸುತ್ತಿರಲಿಲ್ಲ. ತನ್ನನ್ನು ‘ಕೋಚ್’ ಅಂತ ಕರೆಯಬೇಡಿ, ಜಾನ್ ಅಂದರೆ ಸಾಕು ಅನ್ನುತ್ತಿದ್ದರು. ನನಗೆ ತುಂಬಾ ಇಷ್ಟವಾದದ್ದು ಅವರ ವಾರ್ಮ್‌ಅಪ್: ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ, ಆಕಾಶ ನೋಡುತ್ತಾ, ಪಕ್ಕದವನಿಗೆ ‘ಎಷ್ಟು ಚೆನ್ನಾಗಿದೆ ಅಲ್ವಾ ಇವತ್ತು’ ಅಂತ ಹೇಳಬೇಕಿತ್ತು. ಇಷ್ಟೇ ಅದರ ನಿಯಮ.

ಇದೆಲ್ಲ ಶುರುವಾದದ್ದು ಅವರಿಗೆ 16 ವರ್ಷ ಇದ್ದಾಗ. ಎರಡನೇ ಮಹಾಯುದ್ಧದ ಸಮಯ, ಅವರ ಹೈಸ್ಕೂಲ್ ಕೋಚ್ ಸೇನೆಗೆ ಹೋಗಬೇಕಾಯಿತು, ಟೀಮ್ ನಿಂತೇ ಹೋಗೋ ಪರಿಸ್ಥಿತಿ ಬಂದಾಗ ಈ ಹುಡುಗನೇ ನಾನು ನೋಡಿಕೊಳ್ಳುತ್ತೇನೆ ಅಂತ ಮುಂದೆ ಬಂದ. ಬೇಡದ ಕಸರತ್ತು ಬಿಡಿಸಿದ, ಬಾಯಾರಿದರೆ ನೀರು ಕುಡಿಯಿರಿ ಅಂದ. ಆ ಕಾಲದಲ್ಲಿ ಅಲ್ಲೂ ಪ್ರಾಕ್ಟೀಸಿನಲ್ಲಿ ನೀರು ಕೊಡುತ್ತಿರಲಿಲ್ಲ, ನೋಡಿ.

ಒಂದು ಮಾತು ಹೇಳಲೇಬೇಕು. ಸೇಂಟ್ ಜಾನ್ಸ್ ಆಡೋದು ಮೂರನೇ ಡಿವಿಜನ್ನಿನಲ್ಲಿ. ಅಲ್ಲಿ ಆಟಕ್ಕೆ ಅಂತ ಸ್ಕಾಲರ್‌ಶಿಪ್ ಇಲ್ಲ, ಟಿವಿಯಲ್ಲಿ ಬರೋ ದೊಡ್ಡ ಯೂನಿವರ್ಸಿಟಿಗಳ ಮಟ್ಟ ಅದಲ್ಲ. ಆದರೆ ನನಗೆ ಇದರಿಂದಲೇ ಅವರ ಮೇಲೆ ಗೌರವ ಜಾಸ್ತಿ. ಬಂದಿದ್ದವರೆಲ್ಲ ನಿಮ್ಮ ಮಗನ ಹಾಗೆ ಓದುವ ಹುಡುಗರು. ಅವರನ್ನು ಇಟ್ಟುಕೊಂಡೇ 60 ಸೀಸನ್ ನಡೆಸಿದರು.

ನಿಮ್ಮ ವಿಷಯಕ್ಕೆ ಬರೋಣ. ಉಳುಕಿದ ಕಾಲಲ್ಲಿ ಆಡೋದು ಇವತ್ತೇ ನಿಲ್ಲಲಿ, ಮೊದಲು ಡಾಕ್ಟರಿಗೆ ತೋರಿಸಿ. ನೀರಿನ ವಿಷಯದಲ್ಲೂ ಸುಮ್ಮನಿರಬೇಡಿ. ಏಪ್ರಿಲ್ ಬಿಸಿಲಲ್ಲಿ ನಮ್ಮ ಬೆಂಗಳೂರಿನ ಗ್ರೌಂಡುಗಳಲ್ಲಿ ಬರೀ ನಿಂತಿದ್ದರೇ ತಲೆ ಸುತ್ತುತ್ತೆ, ಇನ್ನು ಓಡೋ ಹುಡುಗರ ಗತಿ? ಕೋಚ್ ಹತ್ತಿರ ನೀವೇ ಹೋಗಿ, ಮರ್ಯಾದೆಯಿಂದ, ಆದರೆ ಸ್ಪಷ್ಟವಾಗಿ ಕೇಳಿ. ಅವರು ಒಪ್ಪದಿದ್ದರೆ ಪ್ರಿನ್ಸಿಪಾಲರನ್ನು ನೋಡಿ. ಮಗನಿಗೆ ಟೀಮಿನಲ್ಲಿ ಜಾಗ ಹೋಗುತ್ತೆ ಅನ್ನೋ ಭಯ ಇರಬಹುದು, ಆದರೂ ಕೇಳಿ.

ಪ್ರಶ್ನೆ: ಗಲಾರ್ಡಿಗೂ ಮುಂಚೆ ಈ ದಾಖಲೆ ಯಾರ ಹೆಸರಲ್ಲಿತ್ತು?
– ಅದೇ ತಾಯಿಯ ಮಗ

ಉತ್ತರ: ಎಡ್ಡಿ ರಾಬಿನ್ಸನ್. ಲೂಸಿಯಾನದ ಗ್ರ್ಯಾಂಬ್ಲಿಂಗ್ ಅನ್ನೋ ಕಪ್ಪು ಜನರ ಕಾಲೇಜಿಗೆ 1941ರಲ್ಲಿ ಸೇರಿ 1997ರವರೆಗೆ ಅಲ್ಲೇ ಇದ್ದರು, 408 ಗೆಲುವು. ಅವರು ಶುರು ಮಾಡಿದಾಗ ದಕ್ಷಿಣದ ದೊಡ್ಡ ಬಿಳಿಯರ ಯೂನಿವರ್ಸಿಟಿಗಳು ಕಪ್ಪು ಹುಡುಗರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅಂಥ ಕಡೆಯಿಂದ 200ಕ್ಕೂ ಹೆಚ್ಚು ಆಟಗಾರರನ್ನು ವೃತ್ತಿಪರ ಫುಟ್ಬಾಲಿಗೆ ಕಳಿಸಿದರು. 2003ರಲ್ಲಿ ಗಲಾರ್ಡಿ 409ನೇ ಮ್ಯಾಚ್ ಗೆದ್ದು ಆ ದಾಖಲೆ ದಾಟಿದರು. ಇಬ್ಬರ ಬಗ್ಗೆಯೂ ಓದು, ಓದಿದ್ದನ್ನು ನಿಮ್ಮ ಟೀಮಿನ ಹುಡುಗರಿಗೂ ಹೇಳು.