ಕಿಲ್ನ್‌ನಲ್ಲಿ ಸಿಡಿದ ಮಣ್ಣಿನ ಒರಳುಗಳು
ನಿಮ್ಮ ‘ಅಮ್ಮನ ಅಡುಗೆಮನೆ’ ಇನ್‌ಸ್ಟಲೇಷನ್‌ಗೆ (ಜೋಡಣಾ ಕಲಾಕೃತಿಗೆ) ಮಣ್ಣಿನಲ್ಲಿ ಮಾಡಿದ ಅಡುಗೆ ಸಾಮಾನುಗಳಲ್ಲಿ ಒರಳುಗಳು ಕಿಲ್ನ್‌ನಲ್ಲಿ, ಅಂದ್ರೆ ಮಣ್ಣು ಸುಡುವ ಗೂಡಿನಲ್ಲಿ, ಯಾಕೆ ಸಿಡಿದವು ಅಂತ ಕೇಳಿದ್ದೀರಿ. ಒಳಗೆ ಉಳಿದ ತೇವವೇ ಕಾರಣ ಇರಬೇಕು. ಕಾರವಾರದ ಮಳೆಗಾಲದಲ್ಲಿ ಮಣ್ಣು ಮೇಲೆ ಮಾತ್ರ ಒಣಗುತ್ತದೆ. 100 ಡಿಗ್ರಿ ದಾಟಿದಾಗ ಒಳಗಿನ ನೀರು ಆವಿಯಾಗಿ ಸಿಡಿಸುತ್ತದೆ. ತೆಳು ಸೌಟುಗಳು ಉಳಿದು ದಪ್ಪ ಒರಳುಗಳೇ ಚೂರಾಗಿವೆ ಅಂದ್ರೆ ಅದೇ ಅಲ್ವಾ?

ಮುಂದಿನ ಸಲ ಮಣ್ಣು ಅರೆಗಟ್ಟಿ ಇರುವಾಗಲೇ ಒರಳನ್ನು ಬುಡದಿಂದ ಕೆತ್ತಿ ಟೊಳ್ಳು ಮಾಡಿ. ಬೆರಳು ದಪ್ಪ ಉಳಿದರೆ ಸಾಕು. ನೋಡುವವರಿಗೆ ಭಾರ ಕಾಣಬೇಕು ಅಷ್ಟೆ, ಭಾರ ಇರಬೇಕಿಲ್ಲ. ಲಟ್ಟಣಿಗೆ ಟೊಳ್ಳಾಗಿದ್ದರೆ ಸಣ್ಣ ತೂತು ಬಿಡಿ. ಜಾಲರಿ ಮೇಲಿಟ್ಟು ಒಣಗಿಸಿ. ಕೆನ್ನೆಗೆ ತಾಗಿಸಿದಾಗ ತಣ್ಣಗಿದ್ದರೆ ಇನ್ನೂ ಕಾಯಿರಿ. ಆಮೇಲೆ ಕಿಲ್ನ್ ಮುಚ್ಚಳ ಸ್ವಲ್ಪ ತೆರೆದು, 80–90 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಟ್ಟು, ನಿಧಾನಕ್ಕೆ ಏರಿಸಿ.

ಚೂರಾಗದೆ ಉದ್ದಕ್ಕೆ ಸೀಳಿದ್ದರೆ ಕಾರಣ ಬೇರೆ ಇರಬಹುದು. ಹಾಗಿದ್ದರೆ ಆ ತುಂಡಿನ ಫೋಟೊ ಹಾಕಿ.